ಅನುಭವ ತಾ ಎನ್ನುವವರಿಗೆ ನಮ್ಮ ಉತ್ತರ

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಮ್ಮ ಹಿರಿಯರು ನಗೆಗಾಗಿ ಹೇಳಿದರು. ಇಂದಿನ ಕಂಪನಿಗಳು ಅದನ್ನೇ ನೇಮಕದ ನಿಯಮ ಮಾಡಿಕೊಂಡಿವೆ. ಕೆಲಸ ಕೇಳಿದರೆ ಅನುಭವ ತಾ ಎನ್ನುತ್ತವೆ. ಅನುಭವ ಎಲ್ಲಿಂದ ತರಲಿ ಎಂದರೆ ಎಲ್ಲಾದರೂ ಕೆಲಸ ಮಾಡಿ ಬಾ ಎನ್ನುತ್ತವೆ. ಈ ಗಾಣದ ಸುತ್ತ ತಿರುಗುತ್ತಿರುವವರು ಯಾರು? ಬ್ರೂಸ್‌ಪೇಟೆಯ, ಕೌಲ್‌ಬಜಾರಿನ, ಸಿರುಗುಪ್ಪದ, ಕುರುಗೋಡಿನ ದುಡಿಯುವವರ ಮಕ್ಕಳು. ಗಿರಣಿಯವರ, ಜೀನ್ಸ್ ಹೊಲಿಯುವವರ, ಕಿರಾಣಿ ಅಂಗಡಿಯವರ ಮಕ್ಕಳು. ಡಿಗ್ರಿ ಕಾಗದ ಮನೆಯ ಟ್ರಂಕಿನಲ್ಲಿದೆ. ಕೈಯಲ್ಲಿ ಕೆಲಸವಿಲ್ಲ.

ಈ ವಾರ ನಾವು ಬರೆಯಹೊರಟಿರುವುದು ಇಂಥ ಮಕ್ಕಳಲ್ಲಿ ಅನೇಕರು ಹಿಂಬಾಲಿಸುತ್ತಿರುವ ಒಂದು ಹೊಸ ಕಸುಬಿನ ವಿಷಯ. ಅದರ ಹೆಸರು ಯೂಸರ್ ಎಕ್ಸ್‌ಪೀರಿಯೆನ್ಸ್ ಡಿಸೈನ್. ಚಿಕ್ಕದಾಗಿ ಯು.ಎಕ್ಸ್. ಎನ್ನುತ್ತಾರೆ. ಕನ್ನಡದಲ್ಲಿ ಬಳಕೆದಾರರ ಅನುಭವದ ವಿನ್ಯಾಸ ಎನ್ನಬಹುದು. ಹೆಸರು ಕೇಳಿ ಪತ್ರಿಕೆಯನ್ನು ಮಡಚಿಡಬೇಡಿ. ಈ ಕಸುಬಿಗೂ ನಿಮ್ಮ ಗಲ್ಲಾಪೆಟ್ಟಿಗೆಗೂ, ನಿಮ್ಮ ಕೂಲಿಯ ಲೆಕ್ಕಕ್ಕೂ ಇರುವ ಸಂಬಂಧವನ್ನು ತೋರಿಸುವ ಹೊಣೆ ನಮ್ಮದು.

ಇದು ಎಂಥ ಕಸುಬು?

ಬ್ರೂಸ್‌ಪೇಟೆಯ ಕಿರಾಣಿ ಅಂಗಡಿಯನ್ನೇ ನೋಡಿ. ದಿನಕ್ಕೆ ನೂರು ಸಲ ಕೇಳುವ ಸಕ್ಕರೆ, ಬೇಳೆ, ಸೋಪು ಕೈಗೆಟುಕುವಲ್ಲಿ ಇರುತ್ತವೆ. ಹಬ್ಬಕ್ಕೊಮ್ಮೆ ಕೇಳುವ ಸಾಮಾನು ಅಟ್ಟದ ಮೇಲೆ ಇರುತ್ತದೆ. ತಕ್ಕಡಿ ಗಿರಾಕಿಯ ಕಣ್ಣಿಗೆ ಬೀಳುವಂತೆ ಇರುತ್ತದೆ. ಯಾರೂ ಯಜಮಾನರಿಗೆ ಇದನ್ನು ಕಾಲೇಜಿನಲ್ಲಿ ಕಲಿಸಲಿಲ್ಲ. ಬಂದು ಹೋಗುವ ಗಿರಾಕಿಯನ್ನು ನೋಡಿ ನೋಡಿ ಕಲಿತರು. ಇನ್ನು ದರ್ಜಿಯನ್ನು ನೋಡಿ. ಅಳತೆ ತೆಗೆದುಕೊಳ್ಳದೆ ಬಟ್ಟೆಗೆ ಕತ್ತರಿ ಹಾಕುವ ದರ್ಜಿ ಎಲ್ಲಿಯೂ ಇಲ್ಲ.

ಇದೇ ಕೆಲಸವನ್ನು ಮೊಬೈಲಿನ ಪರದೆಯ ಮೇಲೆ ಮಾಡುವುದೇ ಯು.ಎಕ್ಸ್. ಯಾವ ಗುಂಡಿ ಎಲ್ಲಿರಬೇಕು, ಅದರ ಮೇಲೆ ಯಾವ ಮಾತು ಬರೆದಿರಬೇಕು, ತಪ್ಪು ಒತ್ತಿದರೆ ಹಿಂದಕ್ಕೆ ಬರುವ ದಾರಿ ಯಾವುದು, ಓದು ಕಡಿಮೆಯಾದವನಿಗೂ ಕಣ್ಣು ಮಂಜಾದವಳಿಗೂ ಅದು ತಿಳಿಯುವುದು ಹೇಗೆ, ಇದನ್ನೆಲ್ಲ ಬಳಸುವವರನ್ನು ನೋಡಿ, ಕೇಳಿ, ತಿದ್ದಿ ನಿರ್ಣಯಿಸುವ ಕಸುಬು. ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ 1993ರಲ್ಲಿ ಆಪಲ್ ಕಂಪನಿ ಸೇರಿ, ಈ ಮಾತನ್ನು ತಮ್ಮ ಹುದ್ದೆಯ ಹೆಸರಿನಲ್ಲಿಯೇ ಇಟ್ಟುಕೊಂಡರು. ಹೆಸರು ಅಷ್ಟು ಈಚಿನದು. ಕೆಲಸ ಮಾತ್ರ ಬಹಳ ಹಳೆಯದು.

ಎಷ್ಟು ಹಳೆಯದೆಂದರೆ, ಭಾರತ ಸರ್ಕಾರ ಕರೆಸಿದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಒಪ್ಪಿಸಿದ ವರದಿಯಲ್ಲಿ, ಈ ದೇಶದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲಿ ಎಲ್ಲಕ್ಕಿಂತ ಮಿಗಿಲಾದುದೆಂದು ನಮ್ಮ ನೀರಿನ ಚೊಂಬನ್ನು ಎತ್ತಿ ಹಿಡಿದರು. ಎಷ್ಟು ನೀರು ಹಿಡಿಯಬೇಕು, ಎತ್ತಿದರೆ ಭಾರ ಎಲ್ಲಿ ಕೂರಬೇಕು, ಬಗ್ಗಿಸಿದರೆ ಧಾರೆ ಹೇಗೆ ಬೀಳಬೇಕು, ಒಳಗೆ ಕೈ ಹಾಕಿ ತೊಳೆಯಲು ಬಂದೀತೆ, ಬೆಲೆ ಎಷ್ಟಾದೀತು, ಎಲ್ಲವೂ ಅದರ ಆಕಾರದಲ್ಲಿ ಇತ್ಯರ್ಥವಾಗಿದೆ. ಅದನ್ನು ಯಾವ ಒಬ್ಬ ಮಹಾಶಯನೂ ಮಾಡಲಿಲ್ಲ. ತಲೆಮಾರುಗಳ ಕಂಚುಗಾರರೂ ನೀರು ಹೊತ್ತ ಹೆಂಗಸರೂ ಮಾಡಿದರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಚೊಂಬು ಮಾಡಿದವರ ಮೊಮ್ಮಕ್ಕಳಿಗೆ ಇಂದು ಕಂಪನಿ ಕೇಳುತ್ತದೆ: ನಿಮಗೆ ಅನುಭವ ಉಂಟೆ?

ನಮಗೂ ಇದಕ್ಕೂ ಏನು ಸಂಬಂಧ?

ಇದು ಬೆಂಗಳೂರಿನ ತಂಪು ಕೋಣೆಯ ಬಾಬುಗಳ ಕಸುಬು, ಗಿರಣಿಯವರಿಗೆ ಏಕೆ ಎಂದು ನಮ್ಮವರೇ ಕೆಲವರು ಕೇಳುತ್ತಾರೆ. ಅವರಿಗೆ ನಾವು ಹೇಳುವುದಿಷ್ಟು. ಇಂದು ನಿಮ್ಮ ಪ್ರಾವಿಡೆಂಟ್ ಫಂಡಿನ ಲೆಕ್ಕ ಪರದೆಯ ಮೇಲಿದೆ. ಪಡಿತರದ ಹೆಬ್ಬೆಟ್ಟು ಪರದೆಯ ಮೇಲಿದೆ. ಅಸಂಘಟಿತ ಕಾರ್ಮಿಕರ ನೋಂದಣಿಗೆಂದು 2021ರ ಆಗಸ್ಟಿನಲ್ಲಿ ತೆರೆದ ಇ-ಶ್ರಮ್ ಪರದೆಯ ಮೇಲಿದೆ. ಆ ಪರದೆ ಅರ್ಥವಾಗದಿದ್ದರೆ ಇರುವ ಹಕ್ಕೂ ಇಲ್ಲದಂತೆಯೇ ಸರಿ. ಅರ್ಥವಾಗದವನು ಸೈಬರ್ ಅಂಗಡಿಗೆ ಹೋಗಿ ಹಣ ತೆತ್ತು, ಗುಟ್ಟಿನ ಅಂಕಿಯನ್ನೂ ಪರರ ಕೈಗೆ ಕೊಟ್ಟು ಬರುತ್ತಾನೆ.

ವ್ಯಾಪಾರಿಗಳ ಕಷ್ಟ ಇದಕ್ಕಿಂತ ಕಡಿಮೆಯೆ? 2021ರ ಜೂನ್ 7ರಂದು ಆದಾಯ ತೆರಿಗೆಯ ಹೊಸ ಜಾಲತಾಣ ತೆರೆಯಿತು. ತೊಡಕುಗಳು ಎಷ್ಟಾದವೆಂದರೆ ಆಗಸ್ಟಿನಲ್ಲಿ ಹಣಕಾಸು ಸಚಿವಾಲಯವು ಅದನ್ನು ಕಟ್ಟಿದ ಕಂಪನಿಯ ಮುಖ್ಯಸ್ಥರನ್ನೇ ಕರೆಸಿ ಕಾರಣ ಕೇಳಬೇಕಾಯಿತು. ಲೆಕ್ಕ ಒಪ್ಪಿಸುವ ಗಡುವನ್ನು ಡಿಸೆಂಬರ್ ಕೊನೆಯವರೆಗೆ ಮುಂದೂಡಬೇಕಾಯಿತು. ಆಮೇಲೆ 2025ರ ಜುಲೈ ತಿಂಗಳನ್ನು ನೆನೆಯಿರಿ. ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಿತು. ಬೆಂಗಳೂರಿನ ಬೀದಿಗಳಲ್ಲಿ ಕ್ಯೂ.ಆರ್. ಚೀಟಿ ಕಿತ್ತು, ನಗದು ಮಾತ್ರ ಎಂದು ಬರೆದು ಅಂಟಿಸಿದರು. ಹತ್ತು ರೂಪಾಯಿ ಬಂದರೂ ಕೂಗಿ ಹೇಳುವ ಪೆಟ್ಟಿಗೆ ಅಂಗಡಿಯಲ್ಲಿತ್ತು. ಸಾಮಾನಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ ಆಗಬೇಕೆಂಬ ನಿಯಮವೂ ಇತ್ತು. ಒಟ್ಟು ಮೊತ್ತ ಆ ಗೆರೆಯ ಬಳಿ ಬಂತು, ಎಚ್ಚರ ಎಂದು ಆ ಪೆಟ್ಟಿಗೆ ಎಂದಾದರೂ ಕೂಗಿತೆ? ಅದನ್ನು ರೂಪಿಸಿದವರು ಅಂಗಡಿಯ ಕಟ್ಟೆಯ ಮೇಲೆ ಒಂದು ದಿನ ಕೂತಿದ್ದರೆ ಈ ಪ್ರಶ್ನೆ ಅವರಿಗೇ ಹೊಳೆಯುತ್ತಿತ್ತು.

ಆದುದರಿಂದ ಈ ಕಸುಬು ನಮ್ಮ ಮಕ್ಕಳ ಕೈಗೆ ಬರಬೇಕು. ನಮ್ಮ ಬೀದಿಯನ್ನು ಬಲ್ಲವರು, ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ನೆರೆಮನೆಯಲ್ಲಿ ಉರ್ದು ಆಡುವವರು ಇದನ್ನು ಮಾಡಬೇಕು. ಅವರನ್ನು ಬಾಗಿಲಲ್ಲೇ ತಡೆಯುವುದು ಅವರೊಬ್ಬರ ಅನ್ನದ ಪ್ರಶ್ನೆಯಾಗಿ ಉಳಿಯುವುದಿಲ್ಲ. ನಮ್ಮೆಲ್ಲರ ಪರದೆ ಯಾರ ಕೈಯಲ್ಲಿ ಇರಬೇಕೆಂಬ ಪ್ರಶ್ನೆಯಾಗುತ್ತದೆ.

ಬಿಟ್ಟಿ ಚಾಕರಿಯ ಹೊಸ ವೇಷ

ಬಾಗಿಲಲ್ಲಿ ಏನು ನಡೆಯುತ್ತದೆಂಬುದನ್ನು ಕೇಳಿ. ಜೀನ್ಸ್ ಹೊಲಿಯುವ ಒಬ್ಬಾಕೆಯ ಮಗಳು ನಮ್ಮ ಕಚೇರಿಗೆ ಬಂದು ಹೇಳಿದ ಸಂಗತಿ ಇದು. ಒಂದು ಕಂಪನಿ ಆಕೆಗೆ ಪರೀಕ್ಷೆ ಎಂದು ಕೆಲಸ ಕೊಟ್ಟಿತು. ತಾನು ನಡೆಸುತ್ತಿರುವ ಆ್ಯಪಿನ ಹನ್ನೆರಡು ಪರದೆಗಳನ್ನು ಹೊಸದಾಗಿ ರಚಿಸಿ ಏಳು ದಿನದಲ್ಲಿ ಕಳಿಸು ಎಂದಿತು. ಹುಡುಗಿ ರಾತ್ರಿ ನಿದ್ದೆಗೆಟ್ಟು ಮಾಡಿ ಕಳಿಸಿದಳು. ಉತ್ತರವೇ ಇಲ್ಲ. ಇಂಥದನ್ನು ಹತ್ತು ಮಂದಿಗೆ ಕೊಟ್ಟರೆ ಎಪ್ಪತ್ತು ದಿನದ ದುಡಿಮೆ. ಕೊಟ್ಟ ಕೂಲಿ ಸೊನ್ನೆ. ಗಿರಣಿಯಲ್ಲಿ ಹೀಗೆ ಮಾಡಿ ನೋಡಲಿ. ಹತ್ತು ಮಂದಿ ಒಂದು ವಾರ ನೂಲು ತೆಗೆಯಿರಿ, ಚೆನ್ನಾಗಿದ್ದರೆ ಒಬ್ಬನನ್ನು ಇಟ್ಟುಕೊಳ್ಳುತ್ತೇವೆ, ನೂಲು ಮಾತ್ರ ನಮ್ಮದೇ ಎಂದರೆ ಗೇಟಿನ ಮುಂದೆ ಏನಾಗುತ್ತದೆಂದು ಓದುಗರು ಬಲ್ಲರು.

ಇನ್ನೊಂದು ವೇಷ ಸಂಬಳವಿಲ್ಲದ ಇಂಟರ್ನ್‌ಷಿಪ್ಪು. ಆರು ತಿಂಗಳು ಬಿಟ್ಟಿ ದುಡಿ, ಅನುಭವದ ಪತ್ರ ಕೊಡುತ್ತೇವೆ ಎನ್ನುವುದು. ಬಿಟ್ಟಿ ಚಾಕರಿ ಎಂದರೇನೆಂದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಗೌಡರ ಮನೆಯ ಮುಂದೆ ಕೈಕಟ್ಟಿ ಮಾಡುತ್ತಿದ್ದ ಬೇಗಾರಿಯನ್ನು ಸಂವಿಧಾನದ 23ನೆಯ ವಿಧಿ ನಿಷೇಧಿಸಿತು. 1982ರಲ್ಲಿ ದೆಹಲಿಯ ಏಷ್ಯಾಡ್ ಕಾಮಗಾರಿಯ ಕೂಲಿಕಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದಿತು. ಹಸಿವೂ ಬಡತನವೂ ಒಂದು ಬಲವಂತವೇ ಎಂಬುದು ಅದರ ಸಾರ. ಆ ತೀರ್ಪು ಇಂಟರ್ನ್‌ಗಳಿಗೆ ನೇರವಾಗಿ ಅನ್ವಯಿಸುತ್ತದೆಂದು ನಾವು ವಾದಿಸುವುದಿಲ್ಲ. ಆದರೆ ನೀತಿ ಒಂದೇ. ಆರು ತಿಂಗಳು ಬಿಟ್ಟಿ ದುಡಿದು ಬೆಂಗಳೂರಿನ ಬಾಡಿಗೆ ಕಟ್ಟಬಲ್ಲವನು ಯಾರು? ಅಪ್ಪನಿಗೆ ಆಸ್ತಿ ಇದ್ದವನು. ಆತನಿಗೆ ಅನುಭವ ಸಿಕ್ಕಿತು. ಗಿರಣಿಯವನ ಮಗನಿಗೆ ಸಿಗಲಿಲ್ಲ. ಆಮೇಲೆ ಕಂಪನಿ ಇಬ್ಬರನ್ನೂ ಎದುರು ನಿಲ್ಲಿಸಿ, ನಾವು ಯೋಗ್ಯತೆಯನ್ನು ಮಾತ್ರ ನೋಡುತ್ತೇವೆ ಎನ್ನುತ್ತದೆ!

ಮೂರನೆಯ ವೇಷ ಸರ್ಟಿಫಿಕೇಟು ಮಾರುವ ಅಂಗಡಿಗಳದು. ಮೂರು ತಿಂಗಳ ಕೋರ್ಸು, ಕೆಲಸ ಖಾತ್ರಿ ಎಂಬ ಜಾಹೀರಾತು. ತಾಯಿಯ ಬಳೆ ಅಡವಿಟ್ಟು ಶುಲ್ಕ ಕಟ್ಟಿದ ನೂರು ಮಂದಿಯೂ ಒಂದೇ ಮಾದರಿಯ ಕಲ್ಪನೆಯ ಊಟ ತರಿಸುವ ಆ್ಯಪಿನ ಚಿತ್ರ ಬರೆದು ಹೊರಬರುತ್ತಾರೆ. ಒಬ್ಬ ನಿಜವಾದ ಬಳಕೆದಾರನ ಮುಖವನ್ನೂ ಅವರು ನೋಡಿರುವುದಿಲ್ಲ. ಈಜು ಕಲಿಸುವವರು ದಡದ ಮೇಲೆ ಕೂರಿಸಿ ಕೈ ಆಡಿಸಲು ಹೇಳಿದ ಹಾಗಾಯಿತು.

ಕಲಿಕೆ ಕಂಪನಿಯ ಸ್ವತ್ತಲ್ಲ

ನಾವು ಸಾರಿ ಹೇಳುವ ಮಾತು ಒಂದೇ. ಈ ಕಸುಬಿನ ಅನುಭವ ಕಂಪನಿಯ ಬೀರುವಿನಲ್ಲಿ ಇಲ್ಲ. ಬಳಸುವ ಜನರ ನಡುವೆ ಇದೆ. ಆ ಜನ ಬ್ರೂಸ್‌ಪೇಟೆಯಲ್ಲಿ ಬೇಕಾದಷ್ಟು ಇದ್ದಾರೆ. ಕಂಪನಿಯವರು ಹಣ ಕೊಟ್ಟು ಹುಡುಕುವ ಬಳಕೆದಾರ ನಮ್ಮ ಹುಡುಗನಿಗೆ ಪಕ್ಕದ ಮನೆಯಲ್ಲೇ ಸಿಗುತ್ತಾನೆ.

ಈ ಊರಿಗೆ ಇದು ಹೊಸ ಮಾತೂ ಅಲ್ಲ. ಬಳ್ಳಾರಿ ರಾಘವರು ವಕೀಲಿ ವೃತ್ತಿಯವರು. ಹೊಟ್ಟೆಪಾಡಿಗೆ ಯಾವ ನಾಟಕ ಕಂಪನಿಯ ಸಂಬಳಕ್ಕೂ ಹೋಗದೆ ಹವ್ಯಾಸಿಯಾಗಿ ರಂಗವೇರಿ, 1946ರಲ್ಲಿ ತೀರಿಕೊಳ್ಳುವ ಹೊತ್ತಿಗೆ ದಕ್ಷಿಣದ ಮಹಾನಟರೆನಿಸಿದ್ದರು. ಅವರ ಅನುಭವ ಪ್ರೇಕ್ಷಕರ ಎದುರು ಬೆಳೆಯಿತು. ಯು.ಎಕ್ಸ್. ಕಲಿಯುವವನಿಗೂ ಪ್ರೇಕ್ಷಕರು ಬೇಕು. ಇಲ್ಲಿ ಪ್ರೇಕ್ಷಕ ಎಂದರೆ ಪರದೆಯ ಮುಂದೆ ತಡವರಿಸುವ ಮನುಷ್ಯ.

ಹಾಗಾದರೆ ಆರಂಭ ಹೇಗೆ? ಕೆಲಸವಿಲ್ಲದ ನಮ್ಮ ತಮ್ಮಂದಿರಿಗೂ ತಂಗಿಯರಿಗೂ ಬಿಡಿಸಿ ಹೇಳುತ್ತೇವೆ.

ಮೊದಲು ಒಂದೇ ಒಂದು ಚಿಕ್ಕ ಕೆಲಸವನ್ನು ಆರಿಸಿಕೊಳ್ಳಿ. ಪಿ.ಎಫ್. ಬಾಕಿ ನೋಡುವುದು, ಸೇವಾಸಿಂಧುವಿನಲ್ಲಿ ಅರ್ಜಿ ಹಾಕುವುದು, ಗ್ಯಾಸ್ ಸಿಲಿಂಡರ್ ಕಾಯ್ದಿರಿಸುವುದು, ಇಂಥದು. ಅದನ್ನು ನಿಜವಾಗಿ ಮಾಡಬೇಕಾದ ಐದು ಮಂದಿಯನ್ನು ಹುಡುಕಿ. ಅವರ ಒಪ್ಪಿಗೆ ಪಡೆಯಿರಿ. ಪಕ್ಕದಲ್ಲಿ ಕೂತು ನೋಡಿ. ಮನಸ್ಸಿನಲ್ಲಿ ಬಂದುದನ್ನು ಬಾಯಿಬಿಟ್ಟು ಹೇಳುತ್ತ ಮಾಡಿ ಎಂದು ಕೇಳಿಕೊಳ್ಳಿ. ಅವರು ಎಡವಿದಾಗ ಕೈ ಹಾಕಬೇಡಿ. ಬಾಯಿ ಮುಚ್ಚಿ ನೋಡುವುದೇ ಈ ವಿದ್ಯೆಯ ಅತ್ಯಂತ ಕಷ್ಟದ ಪಾಠ. ಬೆರಳು ಎಲ್ಲಿ ನಿಂತಿತು, ಯಾವ ಮಾತು ಅರ್ಥವಾಗಲಿಲ್ಲ, ಎಲ್ಲಿ ಹೆದರಿ ಫೋನು ಕೆಳಗಿಟ್ಟರು ಎಂಬುದನ್ನು ಬರೆದುಕೊಳ್ಳಿ. ಆಧಾರ್ ಸಂಖ್ಯೆ, ಒ.ಟಿ.ಪಿ., ಪಿನ್ನು ಇವುಗಳನ್ನು ನೋಡಲೂ ಬೇಡಿ, ಬರೆಯಲೂ ಬೇಡಿ.

ಐದೇ ಮಂದಿ ಸಾಕೆ ಎಂದು ಕೇಳುವಿರಿ. ಡೆನ್ಮಾರ್ಕಿನ ಯಾಕೋಬ್ ನೀಲ್ಸನ್ ಎಂಬ ತಜ್ಞರು, ಐದು ಮಂದಿಯನ್ನು ನೋಡಿದರೆ ಸುಮಾರು ಶೇಕಡಾ 85 ತೊಡಕುಗಳು ಹೊರಬೀಳುತ್ತವೆಂದು 2000ದಲ್ಲಿ ಬರೆದರು. ಆ ಲೆಕ್ಕವನ್ನು ಒಪ್ಪದ ತಜ್ಞರೂ ಇದ್ದಾರೆ. ಆದರೆ ಅವರ ಸಲಹೆಯ ತಿರುಳು ಬೇರೆ ಇದೆ. ಹದಿನೈದು ಮಂದಿಯನ್ನು ಒಂದೇ ಸಲ ನೋಡುವುದಕ್ಕಿಂತ, ಐದು ಮಂದಿಯನ್ನು ನೋಡಿ ತಿದ್ದಿ, ಮತ್ತೆ ಐವರನ್ನು ನೋಡಿ ತಿದ್ದಿ, ಮೂರನೆಯ ಸಲ ಇನ್ನೈವರನ್ನು ನೋಡುವುದು ಲೇಸು. ಬಡವನಿಗೆ ಇದಕ್ಕಿಂತ ಅನುಕೂಲವಾದ ವಿಧಾನ ಯಾವುದಿದೆ?

ತಿದ್ದುವುದಕ್ಕೆ ಲ್ಯಾಪ್‌ಟಾಪು ಇಲ್ಲವೆಂದು ಕೈ ಚೆಲ್ಲಬೇಡಿ. ಕಾಗದದ ಮೇಲೆ ಪರದೆಯ ಚಿತ್ರ ಬರೆಯಿರಿ. ಒಂದು ಗುಂಡಿ ಒತ್ತಿದರೆ ಯಾವ ಪರದೆ ಬರಬೇಕೋ ಆ ಹಾಳೆಯನ್ನು ನೀವೇ ಎದುರಿಗೆ ಇಡಿ. ಇದು ಮಕ್ಕಳಾಟದಂತೆ ಕಂಡರೂ ದೊಡ್ಡ ದೊಡ್ಡ ಸಂಸ್ಥೆಗಳೂ ಇದನ್ನೇ ಮಾಡುತ್ತವೆ. ಮುಂದೆ ಕಂಪ್ಯೂಟರ್ ಸಿಕ್ಕಾಗ ಪೆನ್‌ಪಾಟ್‌ನಂಥ ಮುಕ್ತ ತಂತ್ರಾಂಶ ಬಿಡಿಗಾಸಿಲ್ಲದೆ ಸಿಗುತ್ತದೆ.

ಕೊನೆಗೆ ಎಲ್ಲವನ್ನೂ ನಾಲ್ಕು ಪುಟದಲ್ಲಿ ಬರೆದಿಡಿ. ತೊಡಕು ಏನಿತ್ತು, ಯಾರನ್ನು ನೋಡಿದಿರಿ, ಏನು ಬದಲಿಸಿದಿರಿ, ಬದಲಿಸಿದ ಮೇಲೆ ಎಷ್ಟು ಮಂದಿಗೆ ಸುಲಭವಾಯಿತು, ಯಾವುದು ಕೈಕೊಟ್ಟಿತು. ಬಳಕೆದಾರರ ಹೆಸರು ಬೇಡ. ವಯಸ್ಸು, ಕಸುಬು ಸಾಕು. ಇಂಥ ಮೂರು ಕಡತಗಳಿದ್ದರೆ ಕಂಪನಿಯ ಮುಂದೆ ತಲೆಯೆತ್ತಿ ನಿಲ್ಲಬಹುದು. ಅನುಭವ ಎಲ್ಲಿಯದು ಎಂದು ಕೇಳಿದರೆ, ಇಗೋ, ಬಳ್ಳಾರಿಯ ನಲವತ್ತೈದು ಮಂದಿಯ ಪಕ್ಕದಲ್ಲಿ ಕೂತು ಬಂದಿದ್ದೇನೆ, ನಿಮ್ಮಲ್ಲಿ ಎಷ್ಟು ಮಂದಿ ಕೂತಿದ್ದೀರಿ ಎಂದು ತಿರುಗಿ ಕೇಳಬಹುದು.

ಈ ದಾರಿ ಹಿಡಿದವರಿಗೆಲ್ಲ ನಾಳೆಯೇ ಕೆಲಸ ಸಿಗುತ್ತದೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಸರ್ಟಿಫಿಕೇಟು ಅಂಗಡಿಯವರ ರೀತಿ. ವಿದ್ಯೆ ಮಾತ್ರ ಕೈಗೆ ಹತ್ತುತ್ತದೆ. ಬಿಟ್ಟಿ ಚಾಕರಿಯ ಕೊರಳಪಟ್ಟಿ ಇಲ್ಲದೆ ಹತ್ತುತ್ತದೆ.

ಯಾರಿಗೆ ಬಿಟ್ಟಿ, ಯಾರಿಗೆ ಕೂಲಿ?

ಇಲ್ಲಿ ಒಬ್ಬರು ಎದ್ದು ನಿಂತು, ಸ್ವಾಮಿ, ಬಿಟ್ಟಿ ಕೆಲಸ ಬೇಡವೆಂದವರೇ ಬಿಟ್ಟಿಯಾಗಿ ಐದು ಮಂದಿಯ ಹಿಂದೆ ತಿರುಗು ಎನ್ನುತ್ತೀರಲ್ಲ ಎಂದು ಕೇಳಿಯಾರು. ನ್ಯಾಯವಾದ ಪ್ರಶ್ನೆ. ತನ್ನ ಕಲಿಕೆಗಾಗಿ ಮಾಡುವ ಅಭ್ಯಾಸ ಬೇರೆ. ಪರರ ಲಾಭಕ್ಕಾಗಿ ಮಾಡುವ ದುಡಿಮೆ ಬೇರೆ. ಗರಡಿಯಲ್ಲಿ ತೆಗೆದ ಬಸ್ಕಿಗೆ ಯಾರೂ ಕೂಲಿ ಕೇಳುವುದಿಲ್ಲ. ಮಂಡಿಯಲ್ಲಿ ಹೊತ್ತ ಮೂಟೆಗೆ ಕೂಲಿ ಬಿಡುವುದಿಲ್ಲ.

ಆದುದರಿಂದ ನಿಯಮ ಹೀಗಿರಲಿ. ಲಾಭಕ್ಕೆ ನಡೆಯುವ ಕಂಪನಿಗೆ ಕೂಲಿಯಿಲ್ಲದೆ ಒಂದು ಪರದೆಯನ್ನೂ ಕೊಡಬೇಡಿ. ಪರೀಕ್ಷೆ ಎಂದರೆ ಎರಡು ಮೂರು ಗಂಟೆಯ ಕೆಲಸ ಸಾಕು, ಅದೂ ಕಂಪನಿಯ ಸರಕಿಗೆ ಸಂಬಂಧಪಡದ ವಿಷಯವಾಗಿರಲಿ. ಸಣ್ಣ ಅಂಗಡಿಯವರಿಗೆ ಮಾಡಿಕೊಟ್ಟರೆ ಅವರ ಶಕ್ತಿಗೆ ತಕ್ಕ ಸಣ್ಣ ಹಣವನ್ನಾದರೂ ಮೊದಲೇ ಮಾತಾಡಿಕೊಳ್ಳಿ. ಕಾರ್ಮಿಕ ಸಂಘ, ಸಹಕಾರ ಸಂಘ, ಸರ್ಕಾರಿ ಶಾಲೆ, ಗ್ರಂಥಾಲಯ ಇವುಗಳಿಗೆ ಮಾಡುವುದು ಸೇವೆ. ಮಾಡಿದ ಕೆಲಸವನ್ನು ವಿವರಿಸಿ ಒಂದು ಪತ್ರವನ್ನು ಅವರಿಂದ ಪಡೆಯಿರಿ.

ಸೇವೆ ಎಂದರೆ ಹಗುರ ಕೆಲಸವೆಂದು ತಿಳಿಯಬೇಡಿ. ಕನ್ನಡವನ್ನು ಕಂಪ್ಯೂಟರಿನಲ್ಲಿ ಒತ್ತುವುದಕ್ಕೆ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ನೆನೆಯಿರಿ. ಕನ್ನಡಿಗನ ಬಾಯಲ್ಲಿ ಅಕ್ಷರ ಹೇಗೆ ಕೂಡಿಕೊಳ್ಳುತ್ತದೋ ಹಾಗೆ ಬೆರಳು ಓಡುವಂತೆ ಅವರು ಅದನ್ನು ಜೋಡಿಸಿದರು. ತಮ್ಮ ಸೇಡಿಯಾಪು ತಂತ್ರಾಂಶವನ್ನು ಜನಕ್ಕೆ ಉಚಿತವಾಗಿ ಕೊಟ್ಟರು. ಅದೇ ವಿನ್ಯಾಸವನ್ನು ರಾಜ್ಯ ಸರ್ಕಾರ ಅಧಿಕೃತವೆಂದು ಒಪ್ಪಿತು, ನುಡಿ ತಂತ್ರಾಂಶದಲ್ಲಿ ಕಚೇರಿ ಕಚೇರಿಗೆ ಹಬ್ಬಿತು. ಸಮಾಜಕ್ಕೆ ಕೊಟ್ಟದ್ದು ಸಮಾಜದಲ್ಲಿ ಉಳಿಯಿತು. ಒಡೆಯನಿಗೆ ಬಿಟ್ಟಿ ಕೊಟ್ಟದ್ದು ಒಡೆಯನ ಪೆಟ್ಟಿಗೆ ಸೇರುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಇದೇ ಸರ್ವಸ್ವ.

ನಮ್ಮ ಮನೆಯ ದೋಸೆ

ಎಲ್ಲರ ಮನೆಯ ದೋಸೆಯೂ ತೂತೇ. ಈ ಪತ್ರಿಕೆಯನ್ನು ಓದುವ ವ್ಯಾಪಾರಿ ಬಂಧುಗಳಿಗೂ ಎರಡು ಮಾತು ಹೇಳದಿದ್ದರೆ ನಾವು ಮುಖ ನೋಡಿ ಮಣೆ ಹಾಕಿದಂತಾದೀತು. ಅಂಗಡಿಯಲ್ಲಿ, ಹೊಲಿಗೆ ಷೆಡ್ಡಿನಲ್ಲಿ ಕೆಲಸ ಕಲಿಯಲು ಬಂದ ಹುಡುಗನನ್ನು ಚಹಾ ತಿಂಡಿಯ ಮೇಲೆ ತಿಂಗಳುಗಟ್ಟಲೆ ದುಡಿಸುವ ಪದ್ಧತಿ ನಮ್ಮಲ್ಲಿಯೂ ಇದೆ. ನೂಲಿನ ತುದಿ ಕತ್ತರಿಸುವುದು, ಗುಂಡಿ ಬಡಿಯುವುದು, ಮೂಟೆ ಕಟ್ಟುವುದು, ಎಲ್ಲವೂ ಕಲಿಕೆಯ ಹೆಸರಿನಲ್ಲಿ. ನಿಮ್ಮ ಕಷ್ಟ ನಮಗೆ ಗೊತ್ತು. ದೊಡ್ಡ ಬ್ರ್ಯಾಂಡುಗಳ ಎದುರು ನಿಮ್ಮ ಲಾಭ ಎಷ್ಟು ತೆಳ್ಳಗಿದೆಯೆಂಬುದೂ ಗೊತ್ತು. ಆದರೆ ನಮ್ಮ ಮಗನಿಗೆ ಬೆಂಗಳೂರಿನಲ್ಲಿ ಆದದ್ದು ಅನ್ಯಾಯವಾದರೆ, ಪಕ್ಕದ ಮನೆಯ ಮಗನಿಗೆ ನಮ್ಮ ಷೆಡ್ಡಿನಲ್ಲಿ ಆದದ್ದು ನ್ಯಾಯವೆ? ಕಲಿಯುವ ಹುಡುಗನಿಗೆ ಮೊದಲ ದಿನದಿಂದ ಒಂದಿಷ್ಟು ಹಣ, ಇಂತಿಷ್ಟು ದಿನಕ್ಕೆ ಇಂಥ ಕೆಲಸ ಕಲಿಸುತ್ತೇವೆಂಬ ಮಾತು, ಇಷ್ಟಾದರೂ ಇರಲಿ.

ಉತ್ತರ ದೇಶದ ಒಂದು ಪಾಠ

ಕಾರ್ಮಿಕರಿಗೂ ಪರದೆಯ ವಿನ್ಯಾಸಕ್ಕೂ ನಂಟು ಕಟ್ಟುವುದು ಹುಚ್ಚು ಎನ್ನುವವರಿಗೆ ನಾರ್ವೆ, ಸ್ವೀಡನ್, ಡೆನ್ಮಾರ್ಕಿನ ಇತಿಹಾಸ ತೋರಿಸುತ್ತೇವೆ. 1970ರ ದಶಕದ ಆರಂಭದಲ್ಲಿ ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘವು ಕ್ರಿಸ್ಟನ್ ನಿಗಾರ್ಡ್ ಎಂಬ ಗಣಕ ವಿಜ್ಞಾನಿಯನ್ನು ಜೊತೆಗಿಟ್ಟುಕೊಂಡು, ಕಾರ್ಖಾನೆಗೆ ಬರುವ ಕಂಪ್ಯೂಟರು ತಮ್ಮನ್ನು ಏನು ಮಾಡುತ್ತದೆಂದು ಕಾರ್ಮಿಕರೇ ಅಭ್ಯಾಸ ಮಾಡುವಂತೆ ಮಾಡಿತು. 1975ರಲ್ಲಿ ಅಲ್ಲಿನ ಕಾರ್ಮಿಕ ಒಕ್ಕೂಟಕ್ಕೂ ಮಾಲೀಕರ ಒಕ್ಕೂಟಕ್ಕೂ ಒಪ್ಪಂದವಾಗಿ, ಇಂಥ ಯಂತ್ರವ್ಯವಸ್ಥೆಯ ಬಗ್ಗೆ ತಿಳಿಯುವ, ಮಾತಾಡುವ ಹಕ್ಕು ಕಾರ್ಮಿಕರಿಗೆ ಬಂತು.

1981ರಿಂದ 1985ರವರೆಗೆ ನಡೆದ ಯುಟೋಪಿಯಾ ಎಂಬ ಯೋಜನೆಯಲ್ಲಿ ಮುದ್ರಣ ಕಾರ್ಮಿಕರ ಸಂಘದವರು ಸಂಶೋಧಕರ ಜೊತೆ ಕೂತು, ಪತ್ರಿಕೆಯ ಪುಟ ಕಟ್ಟುವ ಕಂಪ್ಯೂಟರು ಹೇಗಿರಬೇಕೆಂದು ತಾವೇ ರೂಪಿಸಿದರು. ಯಂತ್ರ ಇನ್ನೂ ಕೈಗೆ ಬಂದಿರಲಿಲ್ಲ. ಆಗ ಅವರು ಮಾಡಿದ್ದೇನು? ರಟ್ಟಿನ ಡಬ್ಬಿ, ಹಲಗೆ, ಕಾಗದದಿಂದ ಯಂತ್ರದ ಮಾದರಿ ಮಾಡಿ, ಅದರ ಮುಂದೆ ಕೂತು ಕೆಲಸ ಮಾಡಿ ನೋಡಿದರು. ಖಾಲಿ ರಟ್ಟಿನ ಡಬ್ಬಿಯೇ ಅವರ ಲೇಸರ್ ಪ್ರಿಂಟರು! ಅದರಿಂದ ಯಂತ್ರಗಳೆಲ್ಲ ಕಾರ್ಮಿಕರ ವಶವಾದವೆಂದು ನಾವು ಬಡಾಯಿ ಕೊಚ್ಚುವುದಿಲ್ಲ. ಆದರೆ ಬಳಸುವವನನ್ನು ಕೂರಿಸಿಕೊಂಡು ವಿನ್ಯಾಸ ಮಾಡಬೇಕೆಂಬ, ಇಂದು ಕಂಪನಿಗಳು ತಮ್ಮದೇ ಎಂದು ಹೇಳಿಕೊಳ್ಳುವ ಮಾತಿನ ಒಂದು ಬೇರು ಕಾರ್ಮಿಕ ಸಂಘದ ಕಚೇರಿಯಲ್ಲಿದೆ.

ಬಳ್ಳಾರಿಯಲ್ಲಿ ರಟ್ಟಿನ ಡಬ್ಬಿಗೆ ಬರವೆ? ಪೀಸ್ ಲೆಕ್ಕದ ಮೇಲೆ ಹೊಲಿಯುವ ಹೆಂಗಸು ಇಂದು ಎಷ್ಟು ಪೀಸು ಮುಗಿಸಿದಳು, ರೇಟು ಎಷ್ಟು, ಶನಿವಾರಕ್ಕೆ ಎಷ್ಟು ಬರಬೇಕು, ಮೇಸ್ತ್ರಿ ಎಷ್ಟು ಹಿಡಿದ ಎಂಬುದು ಒಂದೇ ನೋಟಕ್ಕೆ ಕಾಣುವ ಲೆಕ್ಕದ ಪರದೆಯನ್ನು ನಮ್ಮ ಹುಡುಗರು ಆ ಹೆಂಗಸರ ಜೊತೆ ಕೂತು ಕಾಗದದ ಮೇಲೆ ಏಕೆ ರಚಿಸಬಾರದು? ಕಿರಾಣಿ ಅಂಗಡಿಯವನಿಗೆ ವರ್ಷದ ಮೊತ್ತ ಗೆರೆ ಮುಟ್ಟುವ ಮೊದಲೇ ಎಚ್ಚರಿಸುವ ಪರದೆಯನ್ನು ಏಕೆ ರಚಿಸಬಾರದು? ಕಲಿಕೆಯೂ ಆಯಿತು, ಲೆಕ್ಕವೂ ನಮ್ಮ ಕೈಗೆ ಬಂತು.

ಸರ್ಕಾರದ ಪಾಲು

ನಾವೇ ಕಲಿಯುತ್ತೇವೆ ಎಂದ ಮಾತ್ರಕ್ಕೆ ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಪ್ರಧಾನ ಮಂತ್ರಿ ಇಂಟರ್ನ್‌ಷಿಪ್ ಯೋಜನೆಯನ್ನು ಸಾರಿತು. ಐದು ವರ್ಷದಲ್ಲಿ ಒಂದು ಕೋಟಿ ಯುವಕರು, 500 ದೊಡ್ಡ ಕಂಪನಿಗಳು, ತಿಂಗಳಿಗೆ 5,000 ರೂಪಾಯಿ. ಆ ಐದು ಸಾವಿರದಲ್ಲಿ ಸರ್ಕಾರದ ಬೊಕ್ಕಸದಿಂದ 4,500, ಕಂಪನಿಯಿಂದ 500 ಎಂದು ಹಂಚಿಕೆ. ದುಡಿಸಿಕೊಳ್ಳುವವನು ಐನೂರು ಕೊಟ್ಟು, ದುಡಿಯುವ ಜನರ ತೆರಿಗೆಯಿಂದ ಉಳಿದದ್ದನ್ನು ತುಂಬುವ ಈ ಲೆಕ್ಕ ಯಾವ ಶಾಲೆಯದು? ರಾಜ್ಯ ಸರ್ಕಾರದ ಯುವನಿಧಿಯು ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಹೆಚ್ಚೆಂದರೆ ಎರಡು ವರ್ಷ ಕೊಡುವ ಯೋಜನೆ. 2024ರ ಜನವರಿಯಲ್ಲಿ ಹಣ ಹಾಕಲು ಆರಂಭವಾಯಿತು. ಭತ್ಯೆ ಬೇಡವೆನ್ನುವುದಿಲ್ಲ. ಭತ್ಯೆಯ ಜೊತೆಗೆ ಕಸುಬೂ ಬರಲಿ ಎನ್ನುತ್ತೇವೆ.

ಕಾಯಿದೆ ಇಲ್ಲವೆಂದಲ್ಲ. 1961ರ ಅಪ್ರೆಂಟಿಸ್ ಕಾಯಿದೆ ಇದೆ. 2019ರಲ್ಲಿ ತಿದ್ದಿದ ಅದರ ನಿಯಮಗಳ ಪ್ರಕಾರ 30 ಮತ್ತು ಹೆಚ್ಚು ಮಂದಿ ದುಡಿಯುವ ಸಂಸ್ಥೆ ತನ್ನ ಬಲದ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ಸ್ಟೈಪೆಂಡ್ ಕೊಟ್ಟು ತೆಗೆದುಕೊಳ್ಳತಕ್ಕದ್ದು. ಹಾಗಾದರೆ ನಮ್ಮ ಬೇಡಿಕೆಗಳು ಸ್ಪಷ್ಟ. ಒಂದು, ಯು.ಎಕ್ಸ್. ಕೆಲಸ ಮಾಡಿಸುವ ಕಂಪನಿಗಳು ಬಿಟ್ಟಿ ಇಂಟರ್ನ್‌ಗಳ ಬದಲು ಈ ಕಾಯಿದೆಯಡಿ ಅಪ್ರೆಂಟಿಸರನ್ನು ತೆಗೆದುಕೊಳ್ಳಲಿ, ಇಲಾಖೆ ಅದನ್ನು ತನಿಖೆ ಮಾಡಲಿ. ಎರಡು, ನೇಮಕದ ಪರೀಕ್ಷೆಯ ಹೆಸರಿನಲ್ಲಿ ಪಡೆದ ಕೆಲಸಕ್ಕೆ ಹಣ ಕೊಡುವ ನಿಯಮ ಬರಲಿ. ಮೂರು, ಸರ್ಕಾರದ ಯಾವ ಆ್ಯಪೇ ಆಗಲಿ, ಜನರ ಮೇಲೆ ಹೇರುವ ಮೊದಲು ಬಳ್ಳಾರಿಯಂಥ ಜಿಲ್ಲಾ ಪಟ್ಟಣಗಳಲ್ಲಿ ಬಳಸುವ ಜನರ ಮುಂದಿಟ್ಟು ಪರೀಕ್ಷಿಸಲಿ; ಆ ಪರೀಕ್ಷೆಯ ಕೆಲಸವನ್ನು ಕೂಲಿ ಕೊಟ್ಟು ಇಲ್ಲಿನ ಯುವಕ ಯುವತಿಯರಿಂದಲೇ ಮಾಡಿಸಲಿ. ಅಂಗವಿಕಲರ ಹಕ್ಕುಗಳ ಕಾಯಿದೆ 2016ರಲ್ಲೇ ಬಂದಿದೆ. ಕಣ್ಣು ಕಾಣದವನಿಗೆ ಸರ್ಕಾರದ ಪರದೆ ಕೇಳಿಸಬೇಕೆಂಬುದು ಕಾನೂನು. ಪರೀಕ್ಷಿಸದೆ ಅದು ಗೊತ್ತಾಗುವುದು ಹೇಗೆ?

ಬೇಡಿಕೆ ಈಡೇರುವ ತನಕ ಕೈಕಟ್ಟಿ ಕೂರುವುದು ನಮ್ಮ ರೀತಿಯಲ್ಲ. ನಮ್ಮ ಕಚೇರಿಯ ಮುಂದಿನ ಕೋಣೆಯನ್ನು ಭಾನುವಾರ ಸಂಜೆ ಈ ಕೆಲಸಕ್ಕೆ ಬಿಟ್ಟುಕೊಡುತ್ತೇವೆ. ಫೋನಿನಲ್ಲಿ ತೊಡಕು ಇರುವ ಗಿರಣಿಯವರು, ಹೊಲಿಗೆಯವರು, ಅಂಗಡಿಯವರು ಬನ್ನಿ. ಕಲಿಯಬೇಕೆಂಬ ಹುಡುಗ ಹುಡುಗಿಯರು ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಹಿಡಿದು ಬನ್ನಿ. ಶುಲ್ಕವಿಲ್ಲ, ಸರ್ಟಿಫಿಕೇಟೂ ಇಲ್ಲ. ಅನುಭವ ತಾ ಎನ್ನುವವರಿಗೆ ತೋರಿಸಲು ಒಂದು ಕಡತ, ಮತ್ತು ಬಿಟ್ಟಿ ದುಡಿ ಎನ್ನುವವರಿಗೆ ಹೇಳಲು ಒಂದು ಇಲ್ಲ, ಈ ಎರಡನ್ನು ಹಿಡಿದು ಅವರು ಹೊರಟರೆ ಸಾಕು.